ಪ್ರೀನಪ್‌ಗೆ ಅಡ್ಡ ಬಂದ ಮನೆ ಅಳಿಯ

ಮದುವೆಗೆ ಮುಂಚೆಯೇ ಆಸ್ತಿ, ಸಾಲ, ಜೀವನಾಂಶದ ಬಗ್ಗೆ ಬರೆದು ಸಹಿ ಹಾಕಿಕೊಳ್ಳುವುದಕ್ಕೆ ಪ್ರೀನಪ್ ಅಂತಾರೆ. ಈ ಮಾತು ಎತ್ತಿದರೆ ಮನೆಯಲ್ಲಿ ಎರಡು ಉತ್ತರ ಬರುತ್ತವೆ. ಒಂದು, ‘ಅದೆಲ್ಲ ಅಮೆರಿಕದವರಿಗೆ’. ಇನ್ನೊಂದು, ‘ಹೇಗೂ ಕೋರ್ಟಿನಲ್ಲಿ ನಿಲ್ಲಲ್ಲ’. ಮೊದಲನೆಯದು ಸುಳ್ಳು. ಎರಡನೆಯದು ಅರ್ಧ ನಿಜ. ಆ ಅರ್ಧ ನಿಜ ಎಲ್ಲಿಂದ ಬಂತು ಅನ್ನುವುದೇ ಸ್ವಾರಸ್ಯದ ಕಥೆ.

ಮದುವೆಗೆ ಮುಂಚೆ ಷರತ್ತು ಹಾಕುವುದು ನಮಗೇನೂ ಹೊಸದಲ್ಲ. ಮಾತುಕತೆ ಅಂತ ಹಿರಿಯರು ಕೂತು ಮಾಡುವುದು ಅದನ್ನೇ ಅಲ್ವಾ? ಬಳ್ಳಾರಿ ಮತ್ತು ಕರ್ನೂಲು ಭಾಗದ ರೆಡ್ಡಿ ಮನೆತನಗಳಲ್ಲಿ ಇಲ್ಲಟಂ ಎಂಬ ಪದ್ಧತಿ ಇತ್ತು. ಮಗಳನ್ನು ಕೊಟ್ಟು ಅಳಿಯನನ್ನು ಮನೆಗೇ ತಂದುಕೊಳ್ಳುವುದು, ಅವನು ಜಮೀನಿನಲ್ಲಿ ದುಡಿಯುವುದು, ಅದಕ್ಕೆ ಆಸ್ತಿಯಲ್ಲಿ ಪಾಲು ಕೊಡುವುದು. ಮದರಾಸಿನ ಕೋರ್ಟು 19ನೇ ಶತಮಾನದಲ್ಲೇ ಇದನ್ನು ರೂಢಿ ಎಂದು ಒಪ್ಪಿಕೊಂಡಿತ್ತು.

ಆದರೆ 1901ರಲ್ಲಿ ಕಲ್ಕತ್ತಾ ಹೈಕೋರ್ಟಿಗೆ ಬಂದ ಮನೆ ಅಳಿಯನ ಕಥೆ ಬೇರೆಯಾಯಿತು. ಅತ್ತೆಯ ಮನೆಯಲ್ಲೇ ಇರ್ತೀನಿ, ಅವರು ಹೇಳಿದಂತೆ ನಡೀತೀನಿ, ಹೆಂಡತಿಯನ್ನು ಅಲ್ಲಿಂದ ಕರೆದುಕೊಂಡು ಹೋಗಲ್ಲ ಎಂದು ಅವನು ಮದುವೆಗೆ ಮುಂಚೆ ಒಪ್ಪಿದ್ದ. ಆಮೇಲೆ ಮನಸ್ತಾಪ ಬಂತು. ಹೆಂಡತಿ ತನ್ನ ಜೊತೆ ಬಂದಿರಬೇಕು ಎಂದು ದಾವೆ ಹೂಡಿದ. ಅವಳು ಹಳೆಯ ಒಪ್ಪಂದ ಮುಂದಿಟ್ಟಳು. ಕೋರ್ಟು ಒಪ್ಪಲಿಲ್ಲ. ಹಿಂದೂ ಮದುವೆ ಒಂದು ಸಂಸ್ಕಾರ, ಹೆಂಡತಿ ಗಂಡನ ಜೊತೆ ಇರಬೇಕಾದ್ದು ಧರ್ಮ, ಅದನ್ನು ಕರಾರು ಬದಲಿಸಲಾರದು ಎಂದಿತು. ಇಂಥ ಕರಾರು ಸಾರ್ವಜನಿಕ ನೀತಿಗೂ ವಿರುದ್ಧ ಎಂದಿತು. 1872ರ ಕರಾರು ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ನೀತಿಗೆ ವಿರುದ್ಧವಾದ ಒಪ್ಪಂದ ಊರ್ಜಿತವಲ್ಲ. ಅಲ್ಲಿಗೆ ಆ ಕಾಗದದ ಕಥೆ ಮುಗಿಯಿತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಪ್ರೀನಪ್ ಅಂದರೆ ಹೆಣ್ಣಿಗೆ ಏನೂ ಸಿಗದಂತೆ ಮಾಡುವ ಗಂಡಿನ ಉಪಾಯ ಎಂದು ನಾವು ಅಂದುಕೊಂಡಿದ್ದೇವೆ. ಇವತ್ತಿಗೂ ಉದಾಹರಿಸುವ ಈ ತೀರ್ಪಿನಲ್ಲಿ ಕಾಗದ ಇದ್ದದ್ದು ಹೆಣ್ಣಿನ ಪರ!

ಅದೇ ಕಾಲದಲ್ಲಿ ಮುಸ್ಲಿಂ ಮದುವೆಯ ವಿಷಯಕ್ಕೆ ಕೋರ್ಟುಗಳ ನೋಟವೇ ಬೇರೆ. 1886ರಲ್ಲಿ ಅಲಹಾಬಾದಿನ ನ್ಯಾಯಮೂರ್ತಿ ಸೈಯದ್ ಮಹಮೂದ್, ಈ ಮದುವೆ ಒಂದು ನಾಗರಿಕ ಕರಾರು ಎಂದು ಬರೆದರು. ಮದುವೆಯ ಕರಾರುಪತ್ರವಾದ ನಿಕಾಹ್‌ನಾಮಾದಲ್ಲಿ ಮಹರ್ (ಗಂಡ ಹೆಂಡತಿಗೆ ಕೊಡಬೇಕಾದ ಹಣ ಅಥವಾ ಆಸ್ತಿ) ಎಷ್ಟು, ಈಗ ಕೊಡುವುದೆಷ್ಟು, ಆಮೇಲೆ ಕೊಡುವುದೆಷ್ಟು ಎಂದು ಬರೆಯಬಹುದು. ಗಂಡ ಇನ್ನೊಂದು ಮದುವೆಯಾದರೆ ಹೆಂಡತಿ ತಲಾಖ್ ಪಡೆಯಬಹುದು ಎಂಬ ಷರತ್ತನ್ನೂ ಕೋರ್ಟುಗಳು ಒಪ್ಪಿವೆ. ಹಾಗಂತ ಏನು ಬರೆದರೂ ನಡೆಯುತ್ತದೆ ಅಂತಲ್ಲ. ಮುಂದೆ ಬೇರೆ ಬೇರೆ ಇರ್ತೀವಿ ಎಂದು ಮೊದಲೇ ಬರೆದುಕೊಂಡರೆ ಅಲ್ಲೂ ನಿಲ್ಲುವುದಿಲ್ಲ.

ಇನ್ನು ನಮ್ಮ ಪಕ್ಕದ ಗೋವಾ. ಕಾರವಾರದ ಮಾಜಾಳಿ ದಾಟಿದರೆ ಸಿಗುವ ಈ ರಾಜ್ಯದಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಕೋಡ್‌ನ ನಿಯಮಗಳು ಇನ್ನೂ ಉಳಿದಿವೆ. ಮದುವೆಗೆ ಮುಂಚೆ ಏನೂ ಬರೆದುಕೊಳ್ಳದಿದ್ದರೆ ಇಬ್ಬರ ಆಸ್ತಿಯೂ ಒಂದಾಗುತ್ತದೆ. ತವರಿನಿಂದ ಬಂದದ್ದು, ಗಂಡನ ಪಿತ್ರಾರ್ಜಿತ, ಆಮೇಲೆ ದುಡಿದದ್ದು, ಎಲ್ಲದರಲ್ಲೂ ಅರ್ಧ ಅರ್ಧ. ಹಾಗೆ ಬೇಡ ಎಂದರೆ ಮದುವೆಗೆ ಮುಂಚೆಯೇ ಅಧಿಕೃತ ಪತ್ರ ಮಾಡಿಸಬೇಕು. ನಿಂದು ನಿಂಗೆ, ನಂದು ನಂಗೆ ಎನ್ನಬಹುದು. ಮದುವೆಯಾದ ಮೇಲೆ ಗಳಿಸಿದ್ದು ಮಾತ್ರ ಇಬ್ಬರದ್ದು ಎನ್ನಬಹುದು. ಒಮ್ಮೆ ಮದುವೆಯಾದರೆ ಆ ಪತ್ರ ಬದಲಿಸುವ ಹಾಗಿಲ್ಲ. ಗೋವಾದ ನಿವಾಸಿಗಳಿಗೆ ಹೊರರಾಜ್ಯದಲ್ಲಿ ಆಸ್ತಿ ಇದ್ದರೆ ಅದರ ಉತ್ತರಾಧಿಕಾರಕ್ಕೂ ಗೋವಾದ ಕಾನೂನೇ ಅನ್ವಯ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಹಿಂದೂಗಳೂ ಸೇರಿ ಒಂದಿಡೀ ರಾಜ್ಯದ ಜನ ಪ್ರೀನಪ್ ಮಾಡಿಕೊಳ್ಳಬಹುದು. ಅದರಿಂದ ಅಲ್ಲಿ ಮದುವೆಗಳೇನೂ ಮುರಿದು ಬೀಳಲಿಲ್ಲ.

ಮಿಕ್ಕ ಕಡೆ ಸಂಸ್ಕಾರದ ವಾದ ನಿಧಾನಕ್ಕೆ ಸಡಿಲವಾಯಿತು. ಬಾಂಬೆ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿಯ ಹಿಂದೂಗಳಿಗೆ 1947ರಲ್ಲೇ ವಿಚ್ಛೇದನದ ಕಾಯ್ದೆ ಬಂತು. 1955ರ ಹಿಂದೂ ವಿವಾಹ ಕಾಯ್ದೆ ಅದನ್ನು ದೇಶಕ್ಕೇ ತಂದಿತು. 1976ರಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನವೂ ಸೇರಿತು. ಈಗ ದಂಪತಿ ಮನೆ ಯಾರಿಗೆ, ಮಗು ಯಾರ ಹತ್ತಿರ, ಹಣ ಎಷ್ಟು ಎಂದು ಬರೆದುಕೊಂಡು ಹೋದರೆ ಕೋರ್ಟು ಸಾಮಾನ್ಯವಾಗಿ ಒಪ್ಪುತ್ತದೆ. ಬೇರೆಯಾಗುವಾಗ ಬರೆದ ಕಾಗದಕ್ಕೆ ಬೆಲೆ ಇದೆ, ಒಂದಾಗುವಾಗ ಬರೆದದ್ದಕ್ಕೆ ಇಲ್ಲ. ನನಗಂತೂ ಇದು ಸರಿ ಕಾಣುವುದಿಲ್ಲ.

ಕೋರ್ಟುಗಳ ಹಿಂಜರಿಕೆಗೆ ಗಟ್ಟಿ ಕಾರಣ ಒಂದಿದೆ, ಅದು ಜೀವನಾಂಶ. ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದ ಒಂದು ಪ್ರಕರಣದಲ್ಲಿ ಹೆಂಡತಿ ಒಂದೇ ಸಲಕ್ಕೆ 8,000 ರೂಪಾಯಿ ತೆಗೆದುಕೊಂಡು, ಮುಂದೆ ಏನೂ ಕೇಳಲ್ಲ ಎಂದು ರಾಜಿಗೆ ಒಪ್ಪಿದ್ದಳು. ಆ ರಾಜಿ ಅವಳ ಹಕ್ಕನ್ನು ಕಿತ್ತುಕೊಳ್ಳಲಾರದು ಎಂದು 2013ರಲ್ಲಿ ತೀರ್ಪಾಯಿತು. 8,000ಕ್ಕೆ ಜೀವನಪೂರ್ತಿಯ ಹಕ್ಕು! ಇಂಥ ಸಹಿಗಳಿಗೆ ತಡೆ ಇರಲೇಬೇಕು.

ಇಂಗ್ಲೆಂಡಿನಲ್ಲೂ ಬಹುಕಾಲ ಇದೇ ಭಯ ಇತ್ತು. 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ದಾರಿ ಬದಲಿಸಿತು. ಇಬ್ಬರೂ ತಿಳಿದು, ಒತ್ತಡವಿಲ್ಲದೆ ಸಹಿ ಹಾಕಿದ್ದರೆ, ಅದರಂತೆ ನಡೆಯುವುದು ಅನ್ಯಾಯ ಆಗದಿದ್ದರೆ, ಒಪ್ಪಂದಕ್ಕೆ ಬೆಲೆ ಕೊಡಬೇಕು ಎಂದಿತು. ನಮ್ಮಲ್ಲಿ 2023ರಲ್ಲಿ ದೆಹಲಿಯ ಒಂದು ಕೌಟುಂಬಿಕ ನ್ಯಾಯಾಲಯ ಪ್ರೀನಪ್ ಕಡ್ಡಾಯ ಮಾಡುವ ಕಾಲ ಬಂದಿದೆ ಎಂದಿತು. ಕಾನೂನು ಮಾತ್ರ ಬಂದಿಲ್ಲ.

ಸದ್ಯಕ್ಕೆ ಏನು ಮಾಡಬಹುದು? ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲೇ ಒಂದು ನಿಯಮ ಬಂದಿದೆ. ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿ ಬರೆದು, ಅಂದಾಜು ಬೆಲೆ ಮತ್ತು ಕೊಟ್ಟವರ ಹೆಸರು ಹಾಕಿ, ವಧು ವರ ಇಬ್ಬರೂ ಸಹಿ ಮಾಡಬೇಕು. ಮುಯ್ಯಿ ಬರೆದಿಡಲು ನಮ್ಮವರು ಮರೆಯಲ್ಲ, ಈ ಪಟ್ಟಿ ಮಾತ್ರ ಯಾರೂ ಬರೆಯಲ್ಲ. ಚಿನ್ನ ಯಾರದ್ದು ಎಂಬ ಜಗಳದಲ್ಲಿ ಮೊದಲು ಬೇಕಾಗುವುದು ಅದೇ. ಮದುವೆಗೆ ಮುಂಚೆ ಇದ್ದ ಸೈಟು, ಷೇರು, ಗೃಹಸಾಲದ ವಿವರಗಳನ್ನೂ ಬರೆದು ಇಬ್ಬರೂ ಸಹಿ ಹಾಕಿದರೆ ಸಾಕ್ಷಿಯಾಗಿ ಉಪಯೋಗಕ್ಕೆ ಬರುತ್ತದೆ. ಜೀವನಾಂಶ ಬೇಡ, ಮಗುವಿನ ಮೇಲೆ ಹಕ್ಕಿಲ್ಲ ಎಂಬ ಸಾಲುಗಳನ್ನು ಬರೆಯುವುದು ಸುಮ್ನೆ ದಂಡ.

ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರು ಅಲ್ಲಿನ ನಿಯಮ ನೋಡಿಕೊಳ್ಳಬೇಕು. ಒಪ್ಪಂದದ ಅಂತಿಮ ಪ್ರತಿ ಕೈಗೆ ಬಂದು ಏಳು ದಿನ ಕಳೆಯದೆ ಸಹಿ ಹಾಕಿದರೆ ಅಲ್ಲಿ ಅದು ನಿಲ್ಲುವುದಿಲ್ಲ. ಜೀವನಾಂಶ ಬಿಟ್ಟುಕೊಡುವವರಿಗೆ ಸ್ವಂತ ವಕೀಲರೂ ಇರಬೇಕು. ಮೈಸೂರಿನಲ್ಲಿರುವ ಸೈಟಿನ ಹೆಸರು ಆ ಪತ್ರದಲ್ಲಿ ಇದ್ದರೆ ಇಲ್ಲಿನ ವಕೀಲರಿಗೂ ತೋರಿಸಬೇಕು. ಆ ಜಾಗದ ಹಕ್ಕು ತೀರ್ಮಾನವಾಗುವುದು ಇಲ್ಲಿನ ಕಾನೂನಿನ ಪ್ರಕಾರ.