ಪಂಡರಿಬಾಯಿ: ‘ಮೊದಲ ನಾಯಕಿ’ ಎಂಬ ಸಾಲಿನಾಚೆ

ಕನ್ನಡ ಚಿತ್ರರಂಗದ ಚರಿತ್ರೆ ಓದುವಾಗ ಪಂಡರಿಬಾಯಿ ಹೆಸರಿನ ಮುಂದೆ ನಾವೆಲ್ಲ ಬರೆದುಕೊಳ್ಳುವ ಸಾಲು ಒಂದೇ: ರಾಜ್‌ಕುಮಾರ್ ಅವರ ಮೊದಲ ನಾಯಕಿ. ತಮಿಳರು ಬರೆದುಕೊಳ್ಳುವುದು: ಶಿವಾಜಿ ಗಣೇಶನ್ ಅವರ ಮೊದಲ ನಾಯಕಿ. ಎರಡೂ ನಿಜವೇ. ಆದರೆ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಶಿವಾಜಿಯ ‘ಪರಾಶಕ್ತಿ’ 1952ರದ್ದು, ರಾಜ್‌ ನಾಯಕರಾದ ‘ಬೇಡರ ಕಣ್ಣಪ್ಪ’ 1954ರದ್ದು. ಪಂಡರಿಬಾಯಿ ಸಿನಿಮಾಕ್ಕೆ ಬಂದದ್ದು 1943ರ ‘ವಾಣಿ’ಯಲ್ಲಿ. ಆ ಇಬ್ಬರೂ ತೆರೆಗೆ ಹೊಸಬರಾಗಿದ್ದಾಗ ಪಳಗಿದವರು ಈಕೆಯೇ. ಆ ಸಾಲನ್ನು ತಿರುಗಿಸಿ ಬರೆದುಕೊಳ್ಳಬೇಕು ಎಂಬುದು ನನ್ನ ಅನಿಸಿಕೆ.

ಹುಟ್ಟೂರು ಉತ್ತರ ಕನ್ನಡದ ಭಟ್ಕಳ. ಹೆಸರೇ ಪಂಢರಪುರದ ವಿಠಲನನ್ನು ನೆನಪಿಸುತ್ತದೆ. ಚಿಕ್ಕಂದಿನಲ್ಲೇ ಹರಿಕಥೆ, ನಾಟಕ ಎರಡರಲ್ಲೂ ತೊಡಗಿದ್ದವರು. ಹರಿಕಥೆಯನ್ನು ಹಗುರವಾಗಿ ಎಣಿಸಬೇಡಿ. ಅಲ್ಲಿ ಒಬ್ಬರೇ ನಿಂತು ರಾಜ, ರಾಣಿ, ದೂತ, ದೇವರು ಎಲ್ಲರೂ ಆಗಬೇಕು; ದನಿ ಬದಲಿಸಿಯೇ ಪಾತ್ರ ಕಾಣಿಸಬೇಕು. ಅವರ ಮಾತಿನ ಸ್ಪಷ್ಟತೆಗೆ ಆ ತಾಲೀಮೂ ಒಂದು ಕಾರಣ ಎಂದು ನನಗೆ ತೋರುತ್ತದೆ.

‘ಬೇಡರ ಕಣ್ಣಪ್ಪ’ದ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು ಹಿಂದಿನ ವರ್ಷವೇ ‘ಗುಣಸಾಗರಿ’ಯಲ್ಲಿ ಪಂಡರಿಬಾಯಿಯವರಿಂದ ಮುಖ್ಯ ಪಾತ್ರ ಮಾಡಿಸಿದ್ದರು. ಹೊಸ ನಾಯಕನ ಎದುರು ಪರಿಚಿತ ನಟಿ ನಿಂತರು. ನಂತರ 1955ರಲ್ಲಿ ‘ಸಂತ ಸಖು’. ಗಂಡನ ಮನೆಯ ಕಷ್ಟವನ್ನೆಲ್ಲ ವಿಠಲನ ಮೇಲೆ ಹಾಕಿ ಬದುಕಿದ ಸಖುವಿನ ಪಾತ್ರ.

ಅಷ್ಟಕ್ಕೇ ನಿಲ್ಲಿಸಿದರೆ ‘ಸಾಧ್ವಿ ಪಾತ್ರಗಳ ನಟಿ’ ಎಂದು ತಪ್ಪಾಗಿ ಅಂದುಕೊಳ್ಳುತ್ತೇವೆ. ಅದಕ್ಕೇ 1954ರ ತಮಿಳು ಚಿತ್ರ ‘ಅಂದ ನಾಳ್’ ನೋಡಲೇಬೇಕು. ಎಸ್. ಬಾಲಚಂದರ್ ನಿರ್ದೇಶನ, ಎವಿಎಂ ಚಿತ್ರಸಂಸ್ಥೆಯ ನಿರ್ಮಾಣ, ಒಂದೂ ಹಾಡಿಲ್ಲ. ಎರಡನೇ ಮಹಾಯುದ್ಧದ ಮದ್ರಾಸು. ರೇಡಿಯೊ ಎಂಜಿನಿಯರ್ ಒಬ್ಬ ಮೊದಲಲ್ಲೇ ಗುಂಡೇಟಿಗೆ ಸಾಯುತ್ತಾನೆ, ಅವನು ಶಿವಾಜಿ. ತನಿಖೆಯುದ್ದಕ್ಕೂ ಶೋಕದಲ್ಲಿರುವ ಹೆಂಡತಿ ಉಷಾಳ ಪಾತ್ರದಲ್ಲಿ ಪಂಡರಿಬಾಯಿ. ಗಂಡ ದೇಶದ ಗುಟ್ಟನ್ನು ಶತ್ರುವಿಗೆ ಮಾರಿದ್ದು, ಅದನ್ನು ತಡೆಯಹೋದವಳು ಇವಳೇ ಎನ್ನುವುದು ಕೊನೆಗೆ ತಿಳಿಯುತ್ತದೆ. ಎರಡನೇ ಸಲ ನೋಡುವಾಗ ಆಕೆಯ ಮೌನವನ್ನಷ್ಟೇ ಗಮನಿಸಿ. ಮೊದಲ ಸಲ ದುಃಖವೆನಿಸಿದ್ದು ಈ ಸಲ ಬೇರೆ ಏನೋ ಆಗಿರುತ್ತದೆ.

ನಿರ್ಮಾಣಕ್ಕೂ ಇಳಿದರು. 1957ರ ‘ರಾಯರ ಸೊಸೆ’ ಅವರದೇ ನಿರ್ಮಾಣ, ವಸ್ತು ವರದಕ್ಷಿಣೆ. ತಂಗಿ ಮೈನಾವತಿಯೂ ಅದರಲ್ಲಿದ್ದರು. 1959ರಲ್ಲಿ ಹಿಂದಿಯ ‘ಪೈಗಾಮ್’ನಲ್ಲಿ ನಟಿಸಿದರು.

ಮುಂದಿನ ಘಟ್ಟ ತಾಯಿ ಪಾತ್ರಗಳದ್ದು. ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಇದೇ. 1969ರ ‘ದೈವ ಮಗನ್’ನಲ್ಲಿ ಶಿವಾಜಿಗೆ ಮೂರು ಪಾತ್ರ: ತಂದೆ ಮತ್ತು ಇಬ್ಬರು ಮಕ್ಕಳು. ಒಂದೇ ಚಿತ್ರದಲ್ಲಿ ಪಂಡರಿಬಾಯಿ ಆ ಶಿವಾಜಿಗೆ ಹೆಂಡತಿ, ಈ ಶಿವಾಜಿಗಳಿಗೆ ಅಮ್ಮ! 1954ರಲ್ಲಿ ಕಣ್ಣಪ್ಪನ ಹೆಂಡತಿ ನೀಲಾ ಆಗಿದ್ದವರು 1986ರ ‘ಅನುರಾಗ ಅರಳಿತು’ ಹೊತ್ತಿಗೆ ರಾಜ್‌ಕುಮಾರ್‌ಗೆ ತಾಯಿ. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು. ನಾಯಕ ನಾಯಕನಾಗಿಯೇ ಉಳಿದ. ತೆರೆಯ ಮೇಲೆ ಮುದುಕಿಯಾಗಬೇಕಾದ್ದು ನಟಿ ಮಾತ್ರ. ‘ಅನುರಾಗ ಅರಳಿತು’ ಚಿತ್ರದ ಕಥೆಯೇ 1992ರಲ್ಲಿ ತಮಿಳಿನ ‘ಮನ್ನನ್’ ಆದಾಗ ರಜನಿಕಾಂತ್‌ಗೂ ಅವರೇ ಅಮ್ಮ.

2003ರ ಜನವರಿಯಲ್ಲಿ ಚೆನ್ನೈಯಲ್ಲಿ ತೀರಿಕೊಂಡರು. ಚಿತ್ರರಂಗದ ಚರಿತ್ರೆಯನ್ನು ಪರೀಕ್ಷೆಗೆ ಓದುವವರು ‘ಬೇಡರ ಕಣ್ಣಪ್ಪ’, ‘ಅಂದ ನಾಳ್’ ಎರಡನ್ನೂ ಒಂದರ ಹಿಂದೆ ಒಂದು ನೋಡಿ. ಎರಡೂ ಒಂದೇ ವರ್ಷದವು.