ಬ್ಯಾಟರಿ ಬದಲಿಸುವ ಮೊದಲು ಅರ್ಥ್ ನೋಡಿ

ಕಬ್ಬು ಅರೆಯುವ ದಿನಗಳು. ಪಾಂಡವಪುರದ ಕಡೆಯ ಒಂದು ಆಲೆಮನೆಯಿಂದ ಫೋನ್ ಬಂತು. "ಅಣ್ಣ, ಹೋದ ತಿಂಗ್ಳು ತಾನೆ ಹೊಸ ಬ್ಯಾಟರಿ ಹಾಕ್ಸಿವ್ನಿ. ಇವತ್ತು ಮತ್ತೆ ಟಕ್ ಅಂತದೆ, ಸುಮ್ನಾಯ್ತದೆ." ಹಳೆಯ ಪೆಟ್ರೋಲ್ ಕಾರು. ಒಂದೇ ವರ್ಷದಲ್ಲಿ ಅದು ಎರಡನೇ ಬ್ಯಾಟರಿ. ಅದರ ಜೊತೆಗೆ ಎಂಜಿನ್ ತಿರುಗಿಸುವ ಸೆಲ್ಫ್ ಮೋಟಾರನ್ನೂ ಬಿಚ್ಚಿಸಿ ಹೊಸ ಬ್ರಷ್ ಹಾಕಿಸಿದ್ದರು. ಬೆಲ್ಲ ಮಾರಿದ ದುಡ್ಡು ಹೀಗೆ ಹೋಗುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹೋಗಿ ಮೀಟರ್ ಇಟ್ಟೆ. ಬ್ಯಾಟರಿ 12.6 ವೋಲ್ಟ್, ಪೂರ್ತಿ ಚಾರ್ಜ್ ಇದೆ. ಅವರಿಗೆ ಕೀ ತಿರುಗಿಸಲು ಹೇಳಿ ಮತ್ತೆ ನೋಡಿದೆ, 11.8. ಬ್ಯಾಟರಿ ಗಟ್ಟಿಯಾಗಿದೆ, ಅದರ ತಪ್ಪೇನೂ ಇಲ್ಲ. ಆಮೇಲೆ ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಮೇಲಿಟ್ಟು, ಕೆಂಪು ಕಡ್ಡಿಯನ್ನು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಹಿಡಿದೆ. ಕೀ ತಿರುಗಿತು. 3.4 ವೋಲ್ಟ್. ಅಲ್ಲಿ 0.2 ದಾಟಬಾರದು. ಅನುಮಾನ ಬಂದು ಆಕ್ಸಿಲರೇಟರ್ ಕೇಬಲ್ ಮುಟ್ಟಿ ನೋಡಿದೆ, ಬೆಚ್ಚಗಿತ್ತು.

ಸೆಲ್ಫ್ ಮೋಟಾರಿಗೆ ಕರೆಂಟು ಕೆಂಪು ಕೇಬಲ್‌ನಲ್ಲಿ ಹೋದರೆ ಸಾಲದು, ಎಂಜಿನ್ನಿನ ಮೈಯಿಂದ ಬ್ಯಾಟರಿಗೆ ವಾಪಸ್ಸು ಬರಬೇಕು. ಈ ವಾಪಸ್ ದಾರಿಯನ್ನೇ ಅರ್ಥ್ ಅನ್ನುವುದು. ಆ ಕಾರಿನಲ್ಲಿ ಬರುವ ದಾರಿ ಒಂದು ಹೆಣೆದ ತಾಮ್ರದ ಪಟ್ಟಿ, ಗೇರ್‌ಬಾಕ್ಸಿನಿಂದ ಕಾರಿನ ಬಾಡಿಯವರೆಗೆ. ಮೇಲಿಂದ ನೋಡಿದರೆ ಚೆನ್ನಾಗೇ ಇತ್ತು. ಬೋಲ್ಟ್ ಬಿಚ್ಚಿದಾಗ ಅಡಿಯಲ್ಲಿ ತುಕ್ಕು. ಎಳೆಗಳು ಅರ್ಧಕ್ಕರ್ಧ ಹಸಿರಾಗಿ, ಉಗುರಲ್ಲಿ ಕೆರೆದರೆ ಪುಡಿಯಾಗಿ ಉದುರಿದವು. ದಾರಿ ಮುಚ್ಚಿದ್ದಕ್ಕೆ ಕರೆಂಟು ಆ ತೆಳು ಆಕ್ಸಿಲರೇಟರ್ ಕೇಬಲ್ ಮೂಲಕ ನುಗ್ಗಿತ್ತು, ಅದಕ್ಕೇ ಅದು ಬಿಸಿ.

"ಲೈಟು ಜೋರಾಗೇ ಉರೀತದಲ್ಲಣ್ಣ?" ಎಂದು ಅವರು ಕೇಳಿದರು. ಒಳ್ಳೆಯ ಪ್ರಶ್ನೆ. ಲೈಟಿನ ಅರ್ಥ್ ನೇರವಾಗಿ ಕಾರಿನ ಬಾಡಿಯಲ್ಲೇ ಇದೆ, ಅದು ಈ ಪಟ್ಟಿಯನ್ನು ದಾಟುವುದೇ ಇಲ್ಲ. ಒಂದು ವೇಳೆ ದಾಟಿದ್ದರೂ ಗೊತ್ತಾಗುತ್ತಿರಲಿಲ್ಲ. 55 ವಾಟಿನ ಬಲ್ಬ್ ಎಳೆಯುವುದು 5 ಆಂಪಿಯರ್‌ಗೂ ಕಡಿಮೆ. ಸಣ್ಣ ಕಾರಿನ ಸೆಲ್ಫ್ 150 ಆಂಪಿಯರ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ದಾರಿಯಲ್ಲಿ 0.02 ಓಮ್ ಅಡ್ಡಿ ಇದ್ದರೆ ಸೆಲ್ಫಿಗೆ 3 ವೋಲ್ಟ್ ನಷ್ಟ, ಬಲ್ಬಿಗೆ 0.1 ವೋಲ್ಟ್ ಕೂಡ ಇಲ್ಲ. ಕೆಂಪು ಕೇಬಲ್ಲಿನ ಕಡೆಯೂ ಹೀಗೇ ಅಳೆಯಬೇಕು, ಅಲ್ಲಿ 0.5 ವೋಲ್ಟ್‌ವರೆಗೆ ಪರವಾಗಿಲ್ಲ.

ಎರಡೂ ಕೊನೆಯನ್ನು ಉಪ್ಪುಕಾಗದದಲ್ಲಿ ಲೋಹ ಹೊಳೆಯುವ ತನಕ ಉಜ್ಜಿ, ಹೊಸ ಪಟ್ಟಿ ಬಿಗಿದೆ. ಒಂದೇ ಸಲಕ್ಕೆ ಸ್ಟಾರ್ಟ್. ಮೀಟರ್ ಇಲ್ಲದವರಿಗೂ ಒಂದು ಪರೀಕ್ಷೆ ಇದೆ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಜಂಪ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್ ಲೋಹಕ್ಕೆ ಕಚ್ಚಿಸಿ. ಈಗ ಸ್ಟಾರ್ಟ್ ಆದರೆ ದೋಷ ಅರ್ಥ್‌ದೇ.

ಫೋನಿನಲ್ಲಿ ನಾನು ಮೊದಲು ಕೇಳುವುದು ಸದ್ದು ಹೇಗಿದೆ ಅಂತ. ಟಿಕ್‌ಟಿಕ್‌ಟಿಕ್ ಅಂತ ಬಿಡದೆ ಹೊಡೆದುಕೊಂಡರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲ. ಒಂದೇ ಸಲ ಗಟ್ಟಿಯಾಗಿ ಟಕ್ ಅಂದು ನಿಂತರೆ ಸೆಲ್ಫ್, ಅದಕ್ಕೆ ಕರೆಂಟು ಬಿಡುವ ಸೊಲೆನಾಯ್ಡ್ ಸ್ವಿಚ್ ಅಥವಾ ದಪ್ಪ ಕೇಬಲ್‌ಗಳ ಕಡೆ ನೋಡಬೇಕು. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ, ಇಗ್ನಿಷನ್ ಸ್ವಿಚ್. ಕೆಲವು ಕಾರುಗಳಲ್ಲಿ ಕ್ಲಚ್ ಪೂರ್ತಿ ಒತ್ತದಿದ್ದರೂ ಸದ್ದು ಬರುವುದಿಲ್ಲ. ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಬ್ಯಾಟರಿಯ ಮಾತೇ ಬೇಡ. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿಣುಕುತ್ತಿದೆಯಾ ನೋಡಿ, ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಆಗಿರಬಹುದು. ಇಲ್ಲದಿದ್ದರೆ ಕಾರಿನೊಳಗಿನ ಪೆಟ್ರೋಲ್ ಪಂಪ್, ಅಥವಾ ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್.

ಬ್ಯಾಟರಿಯೇ ಕೆಟ್ಟಿರುವುದೂ ಉಂಟು, ಇಲ್ಲ ಅನ್ನುವುದಿಲ್ಲ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.2 ಬಂದರೆ ಅರ್ಧ ಚಾರ್ಜ್. ಮೊದಲು ಚಾರ್ಜ್ ಮಾಡಿಸಿ. ಪೂರ್ತಿ ಚಾರ್ಜ್ ಆದ ಮೇಲೂ ಸೆಲ್ಫ್ ಹೊಡೆದಾಗ 9.6ಕ್ಕಿಂತ ಕೆಳಗೆ ಬಿದ್ದರೆ ಆಗ ಬದಲಿಸಿ. ಎಂಜಿನ್ ಓಡುವಾಗ 13.8ರಿಂದ 14.4 ಇಲ್ಲದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ (ಆಲ್ಟರ್ನೇಟರ್) ಕಡೆ ನೋಡಿ, ಅದನ್ನು ಸರಿ ಮಾಡದೆ ಎಷ್ಟು ಬ್ಯಾಟರಿ ಹಾಕಿದರೂ ಇಳಿಯುತ್ತದೆ.

ಎರಡು ದಿನ ನಿಲ್ಲಿಸಿದರೆ ಡೌನ್ ಆಗುವ ಕಾರಿನಲ್ಲಿ ಎಲ್ಲೋ ಕರೆಂಟು ಸೋರುತ್ತಿದೆ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ ನಡುವೆ ಮೀಟರ್ ಸೇರಿಸಿ, ಬಾಗಿಲು ಮುಚ್ಚಿ ಅರ್ಧ ಗಂಟೆ ಬಿಟ್ಟು ಅಳೆದರೆ ಸಾಮಾನ್ಯವಾಗಿ 50 ಮಿಲಿ ಆಂಪಿಯರ್ ಒಳಗಿರಬೇಕು. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡುವುದು. ಯಾವುದನ್ನು ಕಿತ್ತಾಗ ಇಳಿಯುತ್ತದೋ ಕಳ್ಳ ಅಲ್ಲಿದ್ದಾನೆ. ಹೆಚ್ಚಿನ ಸಲ ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಇಲ್ಲವೇ ಆರದೆ ಉಳಿದ ಡಿಕ್ಕಿ ಲೈಟು. ಈ ಕೆಲಸ ಮಾಡುವಾಗ ಮಾತ್ರ ಕೀ ತಿರುಗಿಸಬೇಡಿ, ಮೀಟರ್ ತಡೆಯುವುದೇ 10 ಆಂಪಿಯರ್.

ನಮ್ಮ ಮಂಡ್ಯದ ಕಡೆ ಇನ್ನೊಂದು ಕಾಟ ಇಲಿ. ಕಬ್ಬು ಕಡಿದ ಮೇಲೆ ಗದ್ದೆ ಬಯಲಾಗುತ್ತದೆ, ಅವು ಆಸರೆ ಹುಡುಕಿ ಕೊಟ್ಟಿಗೆಯ ಪಕ್ಕ ನಿಂತ ಕಾರಿನ ಬಾನೆಟ್ ಒಳಗೆ ಸೇರುತ್ತವೆ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ವೈರು ಕಡಿದಿದೆಯಾ ಹುಡುಕಿ. 10 ಆಂಪಿಯರ್ ಜಾಗಕ್ಕೆ 30 ಹಾಕುವುದು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು ದಯವಿಟ್ಟು ಬೇಡ. ಫ್ಯೂಸ್ ಉಳಿಯುತ್ತದೆ, ವೈರು ಹತ್ತಿ ಉರಿಯುತ್ತದೆ.

ದಾರಿಯಲ್ಲಿ ಸಿಕ್ಕಿಬಿದ್ದರೆ ಇನ್ನೊಂದು ಕಾರಿನ ಬ್ಯಾಟರಿಯಿಂದ ಜಂಪ್ ಸ್ಟಾರ್ಟ್ ಮಾಡಿ, ಆದರೆ ಕ್ರಮ ತಪ್ಪಬೇಡಿ. ಕೆಂಪು ಮೊದಲು ಸತ್ತ ಬ್ಯಾಟರಿಯ ಪಾಸಿಟಿವ್‌ಗೆ, ಆಮೇಲೆ ಒಳ್ಳೆಯದರ ಪಾಸಿಟಿವ್‌ಗೆ. ಕಪ್ಪು ಒಳ್ಳೆಯದರ ನೆಗೆಟಿವ್‌ಗೆ. ಕಡೆಯ ತುದಿ ಕೆಟ್ಟು ನಿಂತ ಕಾರಿನ ಎಂಜಿನ್ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಕಡೆಯ ತುದಿ ಕಚ್ಚಿಸುವಾಗ ಕಿಡಿ ಹಾರುತ್ತದೆ, ಬ್ಯಾಟರಿಯ ಮೇಲೆ ಹೈಡ್ರೋಜನ್ ಗ್ಯಾಸ್ ಇರುತ್ತದೆ. ಸಹಾಯಕ್ಕೆ ನಿಂತವರಲ್ಲಿ ಯಾರಾದರೂ ಬೀಡಿ ಹಚ್ಚಿದ್ದರೆ ಮೊದಲು ಆಚೆ ಕಳಿಸಿ.