1991ರ ಬೆಲೆ, ಇವತ್ತಿನ ಬಿಲ್: ಇಂಗ್ಲೆಂಡಿನ ಕೌನ್ಸಿಲ್ ಟ್ಯಾಕ್ಸ್ ಬೆಳೆದು ಬಂದ ದಾರಿ

ಓದೋಕೋ ಕೆಲಸಕ್ಕೋ ಇಂಗ್ಲೆಂಡಿಗೆ ಹೋದ ನಮ್ಮವರನ್ನು ತಬ್ಬಿಬ್ಬು ಮಾಡುವ ಮೊದಲ ಕಾಗದ ಅಂದರೆ ಕೌನ್ಸಿಲ್ ಟ್ಯಾಕ್ಸ್ ಬಿಲ್. ಕೌನ್ಸಿಲ್ ಅಂದರೆ ನಮ್ಮ ನಗರಸಭೆಯಂಥ ಸ್ಥಳೀಯ ಆಡಳಿತ, ಅದು ಹಾಕುವ ತೆರಿಗೆ ಇದು. ನಮ್ಮೂರಲ್ಲಿ ಮನೆ ಕಂದಾಯ ಕಟ್ಟೋದು ಮಾಲೀಕರು. ಅಲ್ಲಿ ಸಾಮಾನ್ಯವಾಗಿ ಮನೆಯಲ್ಲಿ ವಾಸ ಇರುವವರೇ ಕಟ್ಟಬೇಕು, ಬಾಡಿಗೆಗೆ ಇದ್ದರೂ ಅಷ್ಟೇ. ಬಿಲ್ಲಿನ ಮೇಲೆ ಎ ಯಿಂದ ಎಚ್ ವರೆಗಿನ ಒಂದು ಅಕ್ಷರ ಇರುತ್ತದೆ. ಅದೇ ಬ್ಯಾಂಡ್. ಆ ಮನೆಯ ಇವತ್ತಿನ ಬೆಲೆಗೂ ಆ ಅಕ್ಷರಕ್ಕೂ ಸಂಬಂಧವೇ ಇಲ್ಲ. 1991ರ ಏಪ್ರಿಲ್ 1ರಂದು ಮಾರಿದ್ದರೆ ಅದು ಎಷ್ಟಕ್ಕೆ ಹೋಗುತ್ತಿತ್ತು ಅನ್ನುವ ಅಂದಾಜು ಅದು.

ಇದಕ್ಕೂ ಮೊದಲು, 1601ರ ಬಡವರ ನೆರವಿನ ಕಾನೂನಿನಿಂದ ಹಿಡಿದು 1980ರ ದಶಕದ ಕೊನೆವರೆಗೂ ಇದ್ದದ್ದು 'ರೇಟ್ಸ್' ಎಂಬ ತೆರಿಗೆ. ಮನೆಗೆ ಎಷ್ಟು ಬಾಡಿಗೆ ಬರಬಹುದು ಅಂತ ಲೆಕ್ಕ ಹಾಕಿ ತೆರಿಗೆ ಹಾಕುತ್ತಿದ್ದರು. ಇಂಗ್ಲೆಂಡಿನಲ್ಲಿ ಆ ಲೆಕ್ಕವನ್ನು ಕೊನೆಯ ಸಲ ಪರಿಷ್ಕರಿಸಿದ್ದು 1973ರಲ್ಲಿ. ಸ್ಕಾಟ್ಲೆಂಡಿನಲ್ಲಿ 1985ರಲ್ಲಿ ಪರಿಷ್ಕರಿಸಿದಾಗ ಬಿಲ್ಲುಗಳು ಜಿಗಿದವು, ಜನ ಸಿಟ್ಟಾದರು. ಆ ಸಿಟ್ಟಿಗೆ ಪರಿಹಾರವೆಂದು ಬಂದದ್ದು ತಲೆಗಿಷ್ಟು ಅನ್ನುವ ತೆರಿಗೆ, ಜನರ ಬಾಯಲ್ಲಿ ಪೋಲ್ ಟ್ಯಾಕ್ಸ್. 1989ರಲ್ಲಿ ಸ್ಕಾಟ್ಲೆಂಡಿಗೆ, 1990ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅದು ಬಂತು. ಬಂಗಲೆಯಲ್ಲಿದ್ದವರಿಗೂ ಸಣ್ಣ ಫ್ಲಾಟಿನಲ್ಲಿದ್ದವರಿಗೂ ಹೆಚ್ಚುಕಡಿಮೆ ಒಂದೇ ಮೊತ್ತ. ಲಕ್ಷಾಂತರ ಜನ ಕಟ್ಟೋದಿಲ್ಲ ಅಂದರು. 1990ರ ಮಾರ್ಚ್ 31ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಗಲಭೆಯಾಯಿತು. ನವೆಂಬರಿನಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ರಾಜೀನಾಮೆ ಕೊಟ್ಟರು. ಅದಕ್ಕೆ ಇದ್ದ ಹಲವು ಕಾರಣಗಳಲ್ಲಿ ಇದೂ ಒಂದು.

ಈಗಿನ ಗೊಂದಲದ ಬೇರು ಇರೋದು ಮುಂದಿನ ಎರಡು ವರ್ಷಗಳಲ್ಲಿ. ಪೋಲ್ ಟ್ಯಾಕ್ಸನ್ನು ಬೇಗ ತೆಗೆಯಬೇಕಿತ್ತು. 1991ರಲ್ಲಿ ಹೊಸ ತೆರಿಗೆಯ ಘೋಷಣೆ, 1992ರಲ್ಲಿ ಕಾನೂನು, 1993ರ ಏಪ್ರಿಲ್ 1ಕ್ಕೆ ಜಾರಿ. ಅಷ್ಟರೊಳಗೆ ಸುಮಾರು 2 ಕೋಟಿ ಮನೆಗಳಿಗೆ ಬೆಲೆ ಕಟ್ಟಬೇಕು! ಒಂದೊಂದು ಮನೆಯ ಒಳಗೂ ಹೋಗಿ ನೋಡೋಕೆ ಸಮಯವೇ ಇರಲಿಲ್ಲ. ಸರ್ಕಾರಿ ಮೌಲ್ಯಮಾಪಕರ ಜೊತೆ ಖಾಸಗಿ ಎಸ್ಟೇಟ್ ಏಜೆಂಟರನ್ನೂ ಹಚ್ಚಿದರು. ಕಾರನ್ನು ನಿಧಾನವಾಗಿ ಓಡಿಸುತ್ತಾ, ಹೊರಗಿನಿಂದಲೇ ನೋಡಿ, ಬೀದಿಗೆ ಬೀದಿಯನ್ನೇ ಬ್ಯಾಂಡುಗಳಿಗೆ ಹಂಚಿದ್ದೂ ಉಂಟು. ಇದಕ್ಕೆ 'ಸೆಕೆಂಡ್ ಗೇರ್ ವ್ಯಾಲ್ಯುಯೇಷನ್' ಅಂತಲೇ ಹೆಸರು ಬಿತ್ತು. ಒಂದೇ ನಮೂನೆಯ ಅಕ್ಕಪಕ್ಕದ ಎರಡು ಮನೆಗಳು ಬೇರೆ ಬೇರೆ ಬ್ಯಾಂಡಿನಲ್ಲಿ ಇರುವುದಕ್ಕೆ ಈ ಅವಸರವೂ ಕಾರಣ.

ಬ್ಯಾಂಡ್ ಅನ್ನುವ ಏರ್ಪಾಡು ಈ ಅವಸರಕ್ಕೆ ಹೊಂದುತ್ತಿತ್ತು. ನಿಖರ ಬೆಲೆ ಬೇಡ, ಎಷ್ಟರಿಂದ ಎಷ್ಟರೊಳಗಿದೆ ಅಂತ ಗೊತ್ತಾದರೆ ಸಾಕು. 40,000 ಪೌಂಡ್‌ವರೆಗೆ ಎ, 68,001ರಿಂದ 88,000ದವರೆಗೆ ಡಿ, 3,20,000 ದಾಟಿದರೆ ಎಚ್. ಡಿ ಬ್ಯಾಂಡಿನ ಬಿಲ್ಲೇ ಅಳತೆಗೋಲು. ಎ ಬ್ಯಾಂಡಿಗೆ ಅದರ ಒಂಬತ್ತರಲ್ಲಿ ಆರು ಪಾಲು, ಎಚ್‌ಗೆ ಎರಡು ಪಟ್ಟು. ಅಂದರೆ ಬೆಲೆಯಲ್ಲಿ ಎಂಟು ಪಟ್ಟಿಗಿಂತ ಜಾಸ್ತಿ ಅಂತರ ಇರುವ ಮನೆಗಳ ತೆರಿಗೆಯಲ್ಲಿ ಅಂತರ ಬರೀ ಮೂರು ಪಟ್ಟು. ಚಿಕ್ಕ ಮನೆಯವರ ಮೇಲೆ ಹೊರೆ ಜಾಸ್ತಿ ಬೀಳುವಂತೆ ಮೊದಲ ದಿನದಿಂದಲೇ ಇದರ ರಚನೆ ಇತ್ತು.

ಕಾಲಕಾಲಕ್ಕೆ ಬೆಲೆ ಪರಿಷ್ಕರಿಸಿದ್ದರೆ ಸ್ವಲ್ಪವಾದರೂ ಸರಿಹೋಗುತ್ತಿತ್ತೇನೋ. ವೇಲ್ಸ್ 2005ರಲ್ಲಿ ಮಾಡಿತು. ಸುಮಾರು ಮೂರನೇ ಒಂದರಷ್ಟು ಮನೆಗಳು ಮೇಲಿನ ಬ್ಯಾಂಡಿಗೆ ಹೋದವು. ಇಂಗ್ಲೆಂಡಿನಲ್ಲಿ 2007ಕ್ಕೆ ಆಗಬೇಕಿದ್ದ ಪರಿಷ್ಕರಣೆಯನ್ನು ಅದೇ 2005ರಲ್ಲಿ ಮುಂದೂಡಿದರು. ಆಮೇಲೆ ಬಂದ ಯಾವ ಸರ್ಕಾರವೂ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಹಾಗಾಗಿ ಇವತ್ತು ಹೊಸದಾಗಿ ಕಟ್ಟಿದ ಫ್ಲಾಟಿಗೂ, 1991ರಲ್ಲಿ ಇದು ಇದ್ದಿದ್ದರೆ ಎಷ್ಟು ಬೆಲೆ ಬಾಳುತ್ತಿತ್ತು ಅಂತ ಅಧಿಕಾರಿಗಳು ಊಹಿಸಿ ಬ್ಯಾಂಡ್ ಕೊಡುತ್ತಾರೆ. ಈ ನಡುವೆ ಡಿ ಬ್ಯಾಂಡಿನ ಸರಾಸರಿ ಬಿಲ್ 1993–94ರ 568 ಪೌಂಡ್‌ನಿಂದ 2025–26ಕ್ಕೆ 2,280 ಪೌಂಡ್‌ಗೆ ಬಂದಿದೆ. ಲಂಡನ್ನಿನ ದುಬಾರಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಅದೇ ಬ್ಯಾಂಡಿನ ಬಿಲ್ ಇದರ ಅರ್ಧಕ್ಕಿಂತ ಕಡಿಮೆ.

ರಿಯಾಯಿತಿಗಳಿಗೂ 1991ರ ಒಂದು ರಾಜಿಯೇ ಮೂಲ. ಹೊಸ ತೆರಿಗೆ ಅರ್ಧ ಮನೆಯ ಮೇಲೆ, ಅರ್ಧ ಜನರ ಮೇಲೆ ಎಂದು ಎಣಿಸಿದರು. ಮನೆಯಲ್ಲಿ ಇಬ್ಬರು ದೊಡ್ಡವರು ಇದ್ದಾರೆ ಅಂದುಕೊಂಡೇ ಬಿಲ್ ತಯಾರಾಗುತ್ತದೆ. ಒಬ್ಬರೇ ಇದ್ದರೆ ಜನರ ಪಾಲಿನ ಅರ್ಧ, ಅಂದರೆ ಒಟ್ಟು ಬಿಲ್ಲಿನ ಶೇ. 25 ಕಡಿತ. ಪೂರ್ಣಾವಧಿ ವಿದ್ಯಾರ್ಥಿಗಳು, 18 ತುಂಬದವರು, ತೀವ್ರ ಮಾನಸಿಕ ದುರ್ಬಲತೆ ಇರುವವರು ಈ ತಲೆಎಣಿಕೆಗೆ ಬರುವುದಿಲ್ಲ.

ಮೂವರು ಸೇರಿ ಡಿ ಬ್ಯಾಂಡಿನ ಮನೆ ಹಿಡಿದಿದ್ದಾರೆ ಅಂದುಕೊಳ್ಳಿ. ಮೂವರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಬಿಲ್ ಸೊನ್ನೆ. ಅವರಲ್ಲಿ ಒಬ್ಬರು ಕೋರ್ಸ್ ಮುಗಿಸಿ ಕೆಲಸಕ್ಕೆ ಸೇರಿದರೆ ಎಣಿಕೆಗೆ ಸಿಗುವುದು ಅವರೊಬ್ಬರೇ. ಆಗ ಶೇ. 25 ಕಳೆದು 2,280ರಲ್ಲಿ 1,710 ಪೌಂಡ್, ಅದನ್ನು ಕಟ್ಟುವ ಹೊಣೆಯೂ ಅವರದೇ. ಇಬ್ಬರು ಕೆಲಸದಲ್ಲಿದ್ದರೆ ಪೂರ್ತಿ ಬಿಲ್. ನಮ್ಮ ಹುಡುಗರು ಎಡವುವುದು ಇಲ್ಲೇ. ವೀಸಾ ಇನ್ನೂ ಇದೆ, ಪದವಿ ಪ್ರದಾನ ಆಗಿಲ್ಲ ಅಂತ ಸುಮ್ನೆ ಕೂತಿರುತ್ತಾರೆ. ಕೌನ್ಸಿಲ್ ನೋಡುವುದು ಕೋರ್ಸ್ ಮುಗಿದ ತಾರೀಖನ್ನು. ವಿದ್ಯಾರ್ಥಿ ಅನ್ನುವುದಕ್ಕೆ ವಿಶ್ವವಿದ್ಯಾಲಯದ ಪತ್ರ ಬೇಕು. ಇಂಥ ರಿಯಾಯಿತಿಗಳಿಗೆ ನಾವಾಗಿಯೇ ಕೌನ್ಸಿಲ್‌ಗೆ ತಿಳಿಸಬೇಕು, ತಾನಾಗಿ ಸಿಕ್ಕೀತು ಅಂತ ಕಾಯಬಾರದು.

ಕಡಿಮೆ ಆದಾಯದವರ ನೆರವಿನ ಕಥೆ ಬೇರೆ. 2013ರವರೆಗೆ ಅದಕ್ಕೆ ದೇಶಕ್ಕೆಲ್ಲ ಒಂದೇ ನಿಯಮ ಇತ್ತು. ಆಮೇಲೆ ಅದನ್ನು ಕೌನ್ಸಿಲ್‌ಗಳ ಕೈಗೆ ಬಿಟ್ಟು, ಅದಕ್ಕೆ ಕೇಂದ್ರ ಸರ್ಕಾರ ಕೊಡುವ ಹಣವನ್ನೂ ಕಡಿಮೆ ಮಾಡಿದರು. ಪಿಂಚಣಿದಾರರಿಗೆ ರಕ್ಷಣೆ ಉಳಿಯಿತು. ದುಡಿಯುವ ವಯಸ್ಸಿನ ಬಡವರಿಗೆ ಎಷ್ಟು ನೆರವು ಅನ್ನುವುದು ಈಗ ಊರಿಂದ ಊರಿಗೆ ಬೇರೆ. ಒಂದು ನದಿ ದಾಟಿದರೆ ನಿಯಮ ಬದಲಾಗೋದು ನ್ಯಾಯವೇ? ವೀಸಾದಲ್ಲಿ ಸಾರ್ವಜನಿಕ ನಿಧಿಯ ಸೌಲಭ್ಯ ಇಲ್ಲ ಅಂತ ಬರೆದಿರುವವರು ಈ ನೆರವಿಗೆ ಅರ್ಜಿ ಹಾಕಬಾರದು, ವೀಸಾಕ್ಕೇ ತೊಂದರೆ ಆಗಬಹುದು. ಒಬ್ಬರೇ ಇದ್ದಾಗಿನ ಶೇ. 25 ಮತ್ತು ವಿದ್ಯಾರ್ಥಿ ವಿನಾಯಿತಿ ಆ ನಿಧಿಯ ಲೆಕ್ಕಕ್ಕೆ ಬರುವುದಿಲ್ಲ. ಅವನ್ನು ಧೈರ್ಯವಾಗಿ ಕೇಳಬಹುದು.

ಬ್ಯಾಂಡ್ ತಪ್ಪಾಗಿದೆ ಅನಿಸಿದರೆ ವ್ಯಾಲ್ಯುಯೇಷನ್ ಆಫೀಸಿಗೆ ಬರೆಯಬಹುದು. ಮೊದಲು ಅಕ್ಕಪಕ್ಕದ ಅದೇ ನಮೂನೆಯ ಮನೆಗಳ ಬ್ಯಾಂಡ್ ನೋಡಿಕೊಳ್ಳಿ, ಪಟ್ಟಿ ಆನ್‌ಲೈನಿನಲ್ಲಿ ಎಲ್ಲರಿಗೂ ಸಿಗುತ್ತದೆ. ಪರಿಶೀಲನೆಯಲ್ಲಿ ಬ್ಯಾಂಡ್ ಇಳಿಯುವ ಹಾಗೆ ಏರಲೂಬಹುದು. ಕಂತುಗಳ ವಿಷಯದಲ್ಲೂ ಜಾಗ್ರತೆ ಬೇಕು. ಸಾಮಾನ್ಯವಾಗಿ ಏಪ್ರಿಲಿನಿಂದ ಜನವರಿವರೆಗೆ 10 ಕಂತು, ಕೇಳಿದರೆ 12 ಮಾಡಿಕೊಡುತ್ತಾರೆ. ಕಂತು ತಪ್ಪಿ, ನೆನಪೋಲೆ ಬಂದ ಮೇಲೂ 7 ದಿನದೊಳಗೆ ಕಟ್ಟದಿದ್ದರೆ ಇಡೀ ವರ್ಷದ ಬಾಕಿ ಒಟ್ಟಿಗೆ ಮೈಮೇಲೆ ಬರಬಹುದು.

2025ರ ನವೆಂಬರಿನ ಬಜೆಟ್ಟಿನಲ್ಲಿ ಹೊಸದೊಂದು ಸೇರಿತು. ಇಂಗ್ಲೆಂಡಿನಲ್ಲಿ 20 ಲಕ್ಷ ಪೌಂಡ್‌ಗಿಂತ ಬೆಲೆಬಾಳುವ ಮನೆಗಳ ಮಾಲೀಕರು 2028ರ ಏಪ್ರಿಲಿನಿಂದ ವರ್ಷಕ್ಕೆ 2,500ರಿಂದ 7,500 ಪೌಂಡ್ ಹೆಚ್ಚುವರಿ ಕಟ್ಟಬೇಕು ಎಂದು ಸರ್ಕಾರ ಹೇಳಿದೆ. ಅದಕ್ಕಾಗಿ ಆ ಮನೆಗಳಿಗೆ 2026ರ ಬೆಲೆ ಹಿಡಿಯುತ್ತಾರೆ. ಬ್ಯಾಂಡಿಗೆ ಮಾತ್ರ, ಆ ಮನೆಗಳೂ ಸೇರಿ ಎಲ್ಲಕ್ಕೂ 1991ರ ಬೆಲೆಯೇ ಮುಂದುವರಿಯುತ್ತದೆ.